ದುರಗಮ್ಮನ ಪಾಲಿನ ಅರ್ಧ ಮೆಣಸಿನಕಾಯಿ

ರವಿವಾರ ಬೆಳಗಾಯಿತೆಂದರೆ ದುರಗಮ್ಮನ ಮೊದಲ ಕೆಲಸ ಚಪ್ಪಲಿ ಎಣಿಸುವುದು. ತನ್ನ ಮನೆಯ ಚಪ್ಪಲಿಗಳಲ್ಲ, ಗೋಡೆಯಾಚೆಯವು. ಅಂಗಳದ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆಯೊಂದಿದೆ. ಈಚೆ ದುರಗಮ್ಮ, ಆಚೆ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಶರಣಬಸಮ್ಮ. ಹೊಟ್ಟೆ ಹುಣ್ಣಿಗೆ ನಾಟಿ ಔಷಧ ಬೇಡಿ ಬರುವ ಮಂದಿ ಆಚೆಯ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ದುರಗಮ್ಮ ಮೊರದ ತುಂಬ ಜೋಳ ಹಾಕಿಕೊಂಡು, ಕಲ್ಲು ಆರಿಸುವವಳ ಹಾಗೆ ಈಚೆಯ ಕಟ್ಟೆಯ ಮೇಲೆ ಕೂಡುತ್ತಾಳೆ. ಆ ಜೋಳದಲ್ಲಿ ಕಲ್ಲಿರುವುದಿಲ್ಲ. ಅದನ್ನು ಶನಿವಾರವೇ ಆರಿಸಿ ಇಟ್ಟಿರುತ್ತಾಳೆ.

"ಎಷ್ಟು ಸಿಕ್ಕುವು?" ಎಂದು ಗಂಡ ಪಕ್ಕೀರಪ್ಪ ಬೇವಿನ ಕಡ್ಡಿ ಅಗಿಯುತ್ತ ಕೇಳಿದ.

"ಹನ್ನೊಂದು ಜೋಡಿ."

"ನಾ ಕೇಳಿದ್ದು ಕಲ್ಲು."

ದುರಗಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಇನ್ನೊಂದು ಜೋಡಿ ಬಂದಿತ್ತು. ಬಸ್ಸು ಹೆಂಗಸರಿಗೆ ಪುಕ್ಕಟೆ ಆದಾಗಿನಿಂದ ಆ ಬಾಗಿಲಿಗೆ ಬರುವವರ ಕಾಲಿಗೆ ಬಿಡುವೇ ಇರಲಿಲ್ಲ.

ಊರು ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿದೆ. ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ, ಇಲ್ಲದಿದ್ದರೆ ಧೂಳೆಬ್ಬಿಸಿ ಹೋಗುತ್ತದೆ. ಅಂಥ ಊರನ್ನು ಕೊಪ್ಪಳ, ಗಂಗಾವತಿಯವರು ಹುಡುಕಿಕೊಂಡು ಬರುವ ಹಾಗೆ ಮಾಡಿದವಳು ಇವರಿಬ್ಬರ ಅತ್ತೆ ಮುದಕಮ್ಮ. ಅವಳು ಕೊಡುತ್ತಿದ್ದುದು ಒಂದು ಪುಡಿ. ಇಪ್ಪತ್ತೊಂದು ಪೊಟ್ಟಣ, ಇಪ್ಪತ್ತೊಂದು ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಿಹಿ ಮಜ್ಜಿಗೆಯ ಜೊತೆ. ಅಷ್ಟು ದಿನ ಖಾರ, ಹುಳಿ, ಚಹಾ ಮುಟ್ಟಬಾರದು. ಗುಣವಾದವರು ಕಡೆಗೆ ಒಂದು ಒಣಮೆಣಸಿನಕಾಯಿ ತೆಗೆದುಕೊಂಡು ಬರಬೇಕು. ಮುದಕಮ್ಮ ಅದನ್ನು ಎರಡು ಮಾಡಿ ಅರ್ಧವನ್ನು ಅವರ ಬಾಯಿಗೆ ಹಾಕುತ್ತಿದ್ದಳು. ಹೊಟ್ಟೆ ಉರಿಯದೆ ಇದ್ದರೆ ಹುಣ್ಣು ಮಾಯ್ದಿದೆ ಎಂದು ಲೆಕ್ಕ. ಉಳಿದರ್ಧ ದಾರಕ್ಕೆ ಪೋಣಿಸಿ ದೇವರ ಮನೆಯ ಬಾಗಿಲಿಗೆ ತೂಗಿಬಿಡುತ್ತಿದ್ದಳು. ಬಂದವರಿಂದ ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಆ ಮನೆಗೆ ದುರಗಮ್ಮ ಹಿರಿಯ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು. ಕುಷ್ಟಗಿಯ ಆಚೆಯ ಒಣಬೇಸಾಯದ ಹಳ್ಳಿಯವಳು, ತಾಯಿಯಿಲ್ಲದೆ ಅಣ್ಣಂದಿರ ನಡುವೆ ಬೆಳೆದವಳು. ಕಳೆ ತೆಗೆಯಲು ನಿಂತರೆ ಇಬ್ಬರ ಸಾಲು ಒಬ್ಬಳೇ ಮುಗಿಸುತ್ತಿದ್ದಳು. ಉಣ್ಣಲು ಕೂತರೂ ಹಾಗೇ. ಬಿಸಿ ರೊಟ್ಟಿ, ಅದರ ಮೇಲೆ ಕೆಂಪು ಮೆಣಸಿನಕಾಯಿ ರುಬ್ಬಿದ ರಂಜಕ, ರಂಜಕದ ನಡುವೆ ಬೆರಳಿನಿಂದ ಗುಳಿ ಮಾಡಿ ಶೇಂಗಾ ಎಣ್ಣೆ. ಮೂಗು ಒರೆಸಿಕೊಳ್ಳುತ್ತ, ಕಣ್ಣೀರು ಸುರಿಸುತ್ತ, ಇನ್ನೊಂದು ರೊಟ್ಟಿ ಬೇಡುತ್ತಿದ್ದಳು.

ಮುದಕಮ್ಮ ಮಾತ್ರ ನುಚ್ಚು ಮಜ್ಜಿಗೆ ಉಣ್ಣುತ್ತಿದ್ದಳು. "ನನಗ ಖಾರ ಆಗಂಗಿಲ್ಲವಾ," ಎನ್ನುತ್ತಿದ್ದಳು. ಉಂಡು ಸುಮ್ಮನೆ ಏಳುವವಳಲ್ಲ. ಸೊಸೆ ಉಣ್ಣುವಾಗ ಅವಳ ಎದುರಿಗೇ ಬಂದು ಕೂತು, ತಾಟಿನಿಂದ ಬಾಯಿಗೆ, ಬಾಯಿಂದ ತಾಟಿಗೆ ಕಣ್ಣು ಆಡಿಸುತ್ತಿದ್ದಳು. ತುತ್ತು ಎಣಿಸುತ್ತಾಳೆ ಮುದುಕಿ, ಎಂದುಕೊಂಡಳು ದುರಗಮ್ಮ. ಸಿಟ್ಟಿಗೆ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು.

ಹತ್ತು ವರ್ಷದ ಮೇಲೆ ಕಿರಿಯ ಸೊಸೆ ಬಂದಳು. ಶರಣಬಸಮ್ಮನ ತವರು ಆನೆಗೊಂದಿ. ಹೊಳೆಯ ದಂಡೆ, ಬಾಳೆತೋಟ, ಎರಡು ಹೊತ್ತೂ ಅನ್ನ. ಬಂದವಳ ಪೆಟ್ಟಿಗೆಯಲ್ಲಿ ಸೀರೆಗಿಂತ ಮೊದಲು ಕಂಡದ್ದು ಹಸಿಮೆಣಸಿನಕಾಯಿ ಉಪ್ಪಿನಕಾಯಿಯ ಭರಣಿ. ಶೇಂಗಾ ತಿಂದಂತೆ ಮೆಣಸಿನಕಾಯಿ ತಿನ್ನುತ್ತಿದ್ದಳು. ಒಂದು ಶ್ರಾವಣದಲ್ಲಿ ಇಬ್ಬರೂ ಅಡುಗೆಮನೆಯಲ್ಲಿ ಪೈಪೋಟಿಗೆ ಬಿದ್ದರು. ದುರಗಮ್ಮ ಒಂಬತ್ತಕ್ಕೆ ನಿಲ್ಲಿಸಿದಳು, ಶರಣಬಸಮ್ಮ ಹತ್ತು ಮುಗಿಸಿ ತೊಟ್ಟು ತೋರಿಸಿದಳು. ಮುದಕಮ್ಮ ಕಂಬಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವತ್ತಿನಿಂದ ನೆಗೆಣ್ಣಿಯರು ಒಂದೇ ತಾಟಿನಲ್ಲಿ ಉಂಡರು. ಅದನ್ನು ದುರಗಮ್ಮ ಮರೆತಿಲ್ಲ. ಮರೆತಿದ್ದರೆ ಆಮೇಲಿನ ಸಂಕಟ ಅಷ್ಟು ಇರುತ್ತಿರಲಿಲ್ಲ.

ಪುಡಿಯ ದುಡಿಮೆಯೆಲ್ಲ ದುರಗಮ್ಮನದು. ಬಲಿಯದ ಬಾಳೆಕಾಯಿ ಹೆರೆದು, ತೆಳ್ಳಗೆ ಹೆಚ್ಚಿ, ಬಿಸಿಲಿಗೆ ಹಾಕದೆ ನೆರಳಲ್ಲೇ ಒಣಗಿಸಬೇಕು. ದಾಳಿಂಬೆ ಸಿಪ್ಪೆಯನ್ನೂ ಹಾಗೇ. ಬೇರು ನಾರು ಮಾರುವ ಗ್ರಂಥಿಗೆ ಅಂಗಡಿಯಿಂದ ಜ್ಯೇಷ್ಠಮಧುವಿನ ಕಡ್ಡಿ ತಂದು ಕುಟ್ಟಬೇಕು. ಎಲ್ಲವನ್ನೂ ಒಟ್ಟು ಮಾಡಿ ಮೂರು ಸಲ ತೆಳು ಬಟ್ಟೆಯಲ್ಲಿ ಸೋಸಿ ವಸ್ತ್ರಗಾಳಿತ ಮಾಡಬೇಕು. ಕುಷ್ಟಗಿ ತೋಟಗಳಲ್ಲಿ ಕೂಲಿ ಮಾಡುವ ಅವಳ ಅಣ್ಣ ಚೀಲಗಟ್ಟಲೆ ಸಿಪ್ಪೆ ತಂದು ಹಾಕುತ್ತಿದ್ದ. ಬಾಳೆಕಾಯಿ ಮಾತ್ರ ಆನೆಗೊಂದಿಯಿಂದ, ಶರಣಬಸಮ್ಮನ ತವರಿನಿಂದ ಬರುತ್ತಿತ್ತು. ಮಂದಿಗೆ ಔಷಧ ಕೊಡುವುದು ದೇವರ ಮನೆಯೊಳಗೆ, ಬಾಗಿಲು ಹಾಕಿಕೊಂಡು. ಅಲ್ಲಿಗೆ ದುರಗಮ್ಮನಿಗೆ ಪ್ರವೇಶವಿರಲಿಲ್ಲ. ಇರಲಿ, ಮುಂದೆ ಅದೆಲ್ಲ ನನ್ನ ಕೈಗೇ ಬರುವುದು ತಾನೆ ಎಂದು ಕುಟ್ಟುತ್ತಲೇ ಇದ್ದಳು. ಮೂವತ್ತು ವರ್ಷ ಕುಟ್ಟಿದಳು.

ಹನ್ನೊಂದು ವರ್ಷದ ಹಿಂದೆ ಮುದಕಮ್ಮ ಹಾಸಿಗೆ ಹಿಡಿದಳು. ಒಂದು ಮುಂಜಾನೆ, "ದುರಗಾ, ಹೊಲದಾಗ ತೊಗರಿ ಹೂವಿಗೆ ಬಂದಾವೇನ ನೋಡಿ ಬಾ," ಎಂದಳು. ದುರಗಮ್ಮ ಹೋಗಿ ನೋಡಿ ಬರುವಷ್ಟರಲ್ಲಿ ದೇವರ ಮನೆಯ ಬಾಗಿಲು ಹಾಕಿತ್ತು. ತೆರೆದಾಗ ಶರಣಬಸಮ್ಮ ಹೊರಗೆ ಬಂದಳು. ಔಷಧ ಕೊಡುವವಳಿಗೇ ಸೇರುವ ಮದ್ದಿನ ಕುಟ್ಟಾಣಿ ಅವಳ ಮಡಿಲಲ್ಲಿತ್ತು. ಕಣ್ಣು ಕೆಂಪಾಗಿದ್ದವು. ಅದು ಸಂತೋಷಕ್ಕೆ ಅತ್ತ ಕಣ್ಣೆಂದು ದುರಗಮ್ಮ ತಿಳಿದಳು.

"ತೊಗರಿ ಹೂವ ಬಿಟ್ಟಾವ," ಎಂದು ಹೇಳಿ, ನೇರ ಹಿತ್ತಲಿಗೆ ಹೋಗಿ, ಬಚ್ಚಲ ಕಲ್ಲಿನ ಮೇಲೆ ಕೂತಳು. ಆನೆಗೊಂದಿಯ ಬಾಳೆಗೊನೆ ಗೆದ್ದಿತು, ಅಣ್ಣನ ಸಿಪ್ಪೆ ಸೋತಿತು. ಅವಳಿಗೆ ಹೊಳೆದದ್ದು ಇಷ್ಟೇ.

ಮುದಕಮ್ಮ ಸತ್ತು ಮೂರನೆಯ ತಿಂಗಳಿಗೆ ಯುಗಾದಿ ಬಂತು. ಆದದ್ದಾಯಿತು ಎಂದು ದುರಗಮ್ಮ ಮನಸ್ಸು ಕಟ್ಟಿಕೊಂಡು ಹೋಳಿಗೆ ಮಾಡಿ ನೆಗೆಣ್ಣಿಯನ್ನು ಊಟಕ್ಕೆ ಕರೆದಳು. ಹಳೆಯ ರೂಢಿಯಂತೆ ಒಂದೇ ತಾಟು ಹಾಕಿ, ನಡುವೆ ರೊಟ್ಟಿ, ಪಕ್ಕಕ್ಕೆ ತನ್ನ ಕೈಯಾರೆ ರುಬ್ಬಿದ ರಂಜಕ ಬಡಿಸಿದಳು. ಶರಣಬಸಮ್ಮ ಒಂದು ಬೆರಳಿನಿಂದ ಆ ರಂಜಕವನ್ನು ತಾಟಿನ ಅಂಚಿಗೆ ಸರಿಸಿದಳು.

"ಯಾಕ?"

"ನನಗ ಖಾರ ಆಗಂಗಿಲ್ಲ ಯಕ್ಕಾ."

ಹತ್ತು ಮೆಣಸಿನಕಾಯಿ ತಿಂದು ತೊಟ್ಟು ತೋರಿಸಿದವಳು ಈ ಮಾತು ಹೇಳಿದಳು. ಅದೂ ಅತ್ತೆಯ ಮಾತನ್ನೇ, ಅತ್ತೆಯ ದನಿಯಲ್ಲೇ. ಕುಟ್ಟಾಣಿ ಸಿಕ್ಕ ಕೂಡಲೇ ಇವಳೂ ಮುದಕಮ್ಮನಾದಳು, ನಮ್ಮ ಒಣ ಸೀಮೆಯ ಊಟ ಇವಳಿಗೆ ಸೇರದಾಯಿತು ಎಂದುಕೊಂಡಳು ದುರಗಮ್ಮ. ಮರುವಾರ ಮನೆ ಎರಡಾಯಿತು. ದೇವರ ಮನೆ ಆಚೆಯ ಪಾಲಿಗೆ ಹೋಯಿತು. ನಡುವೆ ಗೋಡೆ ಎದ್ದಿತು. ಇನ್ನೂ ಎತ್ತರಿಸುವ ಮನಸ್ಸು ಅವಳಿಗಿತ್ತು. ಮೊಣಕಾಲಿನ ಮಟ್ಟಕ್ಕೆ ನಿಲ್ಲಿಸಿದವನು ಪಕ್ಕೀರಪ್ಪ. "ಎತ್ತರ ಆದ್ರ ಚಪ್ಲಿ ಕಾಣಂಗಿಲ್ಲ ನೋಡು," ಎಂದಿದ್ದ.

ಅಲ್ಲಿಂದ ಮುಂದೆ ಆಚೆ ನಡೆದದ್ದೆಲ್ಲ ಅವಳಿಗೆ ಸೊಕ್ಕಾಗಿಯೇ ಕಂಡಿತು. ದುರಗಮ್ಮ ಮೆಣಸಿನಕಾಯಿ ಹುರಿಯಲು ಕೂತರೆ ಶರಣಬಸಮ್ಮ ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸೊಕ್ಕು. ಔಷಧಕ್ಕೆ ಬಂದವರಲ್ಲಿ ಕೆಲವರನ್ನು ಪುಡಿ ಕೊಡದೆ ಹಾಗೇ ವಾಪಸ್ಸು ಕಳಿಸುತ್ತಿದ್ದಳು. ಗಂಗಾವತಿಯಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬ ಹೆಂಗಸು ಬರಿಗೈಯಲ್ಲಿ ಹೋದದ್ದನ್ನು ದುರಗಮ್ಮ ಕಣ್ಣಾರೆ ಕಂಡಳು. ಅದೂ ಸೊಕ್ಕೇ. ಆಚೆಯ ದೇವರ ಮನೆಯ ಬಾಗಿಲಲ್ಲಿ ಅರ್ಧ ಮೆಣಸಿನಕಾಯಿಗಳ ಸರ ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ರೋಗದ ದೃಷ್ಟಿ ಮನೆಗೆ ತಾಗದಿರಲೆಂದು ಕಟ್ಟುವ ಸರ ಅದು ಎಂದು ಅವಳ ತಿಳಿವಳಿಕೆ. ತಾನೇನು ಕಡಿಮೆ ಎಂದು ತನ್ನ ಬಾಗಿಲಿಗೂ ನಿಂಬೆಹಣ್ಣಿನ ಜೊತೆ ಏಳು ಇಡೀ ಮೆಣಸಿನಕಾಯಿ ಪೋಣಿಸಿ ಕಟ್ಟಿದಳು.

ಇನ್ನೊಂದು ಕೆಲಸವನ್ನೂ ಮಾಡಿದಳು. ಅದು ಪಕ್ಕೀರಪ್ಪನಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಸಂತೆಯಲ್ಲಿ ಬಾಳೆಕಾಯಿ ಕೊಂಡು, ಅಣ್ಣನಿಂದ ಸಿಪ್ಪೆ ತರಿಸಿ, ಅದೇ ಅಳತೆಯಲ್ಲಿ ಪುಡಿ ಮಾಡಿ ಗಾಜಿನ ಭರಣಿಯಲ್ಲಿ ತುಂಬಿಡುತ್ತಿದ್ದಳು. ವರ್ಷ ಕಳೆದರೆ ಅದನ್ನು ಚೆಲ್ಲಿ ಹೊಸದು ತುಂಬುತ್ತಿದ್ದಳು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನ ಬಾಗಿಲ ಮುಂದೆ ಚಪ್ಪಲಿ ಬಿಡಬೇಕು. ಅವಳಿಗೆ ಬೇಕಾಗಿದ್ದು ಇಷ್ಟು.

ಹೋದ ಬೇಸಿಗೆಯ ಒಂದು ಬುಧವಾರ ಶರಣಬಸಮ್ಮ ಬಾಳೆಕಾಯಿ ತರಲು ಆನೆಗೊಂದಿಗೆ ಹೋಗಿದ್ದಳು. ಬಾಗಿಲಿಗೆ ಬೀಗವಿತ್ತು. ಔಷಧ ಕೊಡುವುದು ರವಿವಾರ ಮಾತ್ರ ಎಂದು ಗೊತ್ತಿಲ್ಲದ ಗಂಡ ಹೆಂಡತಿ ಬಿಸಿಲಲ್ಲಿ ನಡೆದು ಬಂದರು. ಕೊಪ್ಪಳದ ಪಕ್ಕದ ಭಾಗ್ಯನಗರದವರು. ಗಂಡ ಅಮೀನಸಾಬ ಕಬ್ಬಿಣದ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರ. ಹೆಂಡತಿ ಬಾಷಾಬಿ ಹಳೆ ಸೀರೆಗಳ ಕೌದಿ ಹೊಲಿಯುವವಳು.

"ಹೊಟ್ಟಿ ಹುಣ್ಣಿಗೆ ಔಷಧ ಕೊಡೂ ಅಮ್ಮಾರ ಮನಿ ಇದಾ ಏನ್ರಿ?" ಎಂದು ಅಮೀನಸಾಬ ಕೇಳಿದ.

ದುರಗಮ್ಮ ಆಚೆಯ ಬೀಗವನ್ನೊಮ್ಮೆ ನೋಡಿದಳು.

"ಹೂನ್ರಿ, ಇದಾ. ಒಳಗ ಬರ್ರಿ."

ಬಾಷಾಬಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ಹೆಬ್ಬೆರಳು ತೂರಿಸುವ ಉಂಗುಷ್ಟ ಹರಿದು, ನೀಲಿ ದಾರದಲ್ಲಿ ಹೊಲಿದ ಚಪ್ಪಲಿ. ಅದರಷ್ಟು ಚೆಂದದ ವಸ್ತುವನ್ನು ದುರಗಮ್ಮ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

ಮೂಡಲಿಗೆ ಮುಖ ಮಾಡಿ ಕೂಡಿಸಿದಳು. ನೀರು ಕೊಟ್ಟಳು. ಪೊಟ್ಟಣ ಕಟ್ಟಿದಳು.

"ಏನೇನಾಕ್ಕೈತಿ ಹೇಳವಾ ತಂಗಿ."

"ಉಂಡ ಮ್ಯಾಲ ಎದಿ ಕೆಳಗ ಬೆಂಕಿ ಇಟ್ಟಂಗ ಆಕ್ಕೈತಿ ಯಕ್ಕಾ. ಹಸದ್ರೂ ಅದಾ. ದಿನಾ ಬಗ್ಗಿ ಕೌದಿ ಹೊಲದು ಸೊಂಟ ಬ್ಯಾರೆ ಹೋಗೈತಿ, ಅದಕ್ಕ ಎರಡ ಹೊತ್ತೂ ಗುಳಿಗಿ."

ಸೊಂಟದ ಮಾತು ದುರಗಮ್ಮನ ಕಿವಿಯ ಮೇಲೆ ಹಾದು ಹೋಯಿತು. ಹೊಟ್ಟೆಗೆ ಕೊಡುವವಳಿಗೆ ಸೊಂಟ ಯಾಕೆ.

"ಇಪ್ಪತ್ತೊಂದ ದಿನ ಖಾರ ಮುಟ್ಟಬಾರದು," ಎಂದಳು ಗಂಟಲು ಗಟ್ಟಿ ಮಾಡಿಕೊಂಡು.

"ಖಾರ ಇಲ್ಲದ ರೊಟ್ಟಿ ಇಳೀತೈತೇನ ಯಕ್ಕಾ?"

"ಯಾರೂ ಸತ್ತಿಲ್ಲ ತಗೋ. ನೆಟ್ಟಗಾದ ಮ್ಯಾಲ ಒಂದು ಒಣಮೆಣಸಿನಕಾಯಿ ಹಿಡಕೊಂಡು ನನ್ನ ಕಡೆ ಬಾ. ನನ್ನ ಕಡೇನ ಬರಬೇಕ ಮತ್ತ, ಹಾಂ. ನಂಬರ ಬರ್ಕೋರಿ."

ಅವರು ಹೋದ ಮೇಲೆ ದುರಗಮ್ಮ ಊಟಕ್ಕೆ ಕೂತಳು. ಮೂರು ರೊಟ್ಟಿ, ಮೂರಕ್ಕೂ ರಂಜಕ. ಅಷ್ಟು ರುಚಿಯಾಗಿ ಅವಳು ಎಂದೂ ಉಂಡಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಫೋನು ಬಂತು. ಅಮೀನಸಾಬನ ದನಿ ಸಣ್ಣಗಿತ್ತು.

"ಅಮ್ಮಾರ, ಉರಿ ಕಮ್ಮಿ ಆಗೈತಿ ಅಂತಾಳ್ರಿ. ಆದ್ರ ಮುಖ ಸುಣ್ಣದಂಗ ಬೆಳ್ಳಗ ಆಗೈತಿ. ಎದ್ದು ನಿಂತ್ರ ತಲಿ ತಿರಗತೈತಿ. ಆಸ್ಪತ್ರಿಗೆ ನಡಿ ಅಂದ್ರ, ಔಷಧ ಹತ್ತಾಕತ್ತೈತಿ, ನಡುವ ಬಿಟ್ರ ಕೆಡತೈತಿ ಅಂತ ಹಟ ಹಿಡದಾಳ. ಇದು ಔಷಧ ಹತ್ತೂ ಲಕ್ಷಣ ಏನ್ರಿ?"

ಹೌದು ಎನ್ನುವ ಮಾತು ದುರಗಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಔಷಧ ತನ್ನದಾಗಿಯೇ ಉಳಿಯುತ್ತಿತ್ತು. ಆದರೆ ಅವಳಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕುಟ್ಟಿದವಳಿಗೆ ಗೊತ್ತಿದ್ದುದು ಪುಡಿ. ಪುಡಿ ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೀಲಿ ದಾರದ ಆ ಚಪ್ಪಲಿ ಕಣ್ಣ ಮುಂದೆ ಬಂತು. ಆಚೆ ಶರಣಬಸಮ್ಮ ಅಂಗಳದಲ್ಲಿ ಬಾಳೆಕಾಯಿ ಹೆರೆಯುತ್ತಿದ್ದಳು.

ದುರಗಮ್ಮ ಸೀರೆ ಎತ್ತಿ ಹಿಡಿದು ಗೋಡೆ ದಾಟಿದಳು. ಕಟ್ಟಿಸಿದ ಮೇಲೆ ಅವಳು ಅದನ್ನು ದಾಟಿದ್ದು ಅದೇ ಮೊದಲು.

"ಬಸಮ್ಮಾ, ಇದನ್ನ ಹಿಡಿ. ನಾ ಒಬ್ಬಾಕಿಗೆ ಪುಡಿ ಕೊಟ್ಟೀನಿ. ಏನೋ ಆಗೈತಿ."

ಶರಣಬಸಮ್ಮ ಕೈಯ ಕರೆಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು.

"ಅಣ್ಣಾ, ಹೆಣತಿ ಕಡೆ ಕೊಡು. ತಂಗೀ, ನಾಚ್ಕೋಬ್ಯಾಡ, ಇದ್ದದ್ದ ಇದ್ದಂಗ ಹೇಳು. ಹೊರಕಡೆ ಹ್ವಾದ್ರ ಯಾವ ಬಣ್ಣ? ... ಡಾಂಬರದಂಗ ಕರ್ರಗ ಐತೇನ? ... ಎಷ್ಟ ದಿನ ಆತು? ... ವಾಂತಿ? ... ಮೈಕೈ ನೋವಿಗೆ ಗುಳಿಗಿ ನುಂಗ್ತೀಯೇನ? ... ಕೇಳಿಲ್ಲಿ. ಪುಡಿ ಈಗಿಂದೀಗ ಬಿಟ್ಟಬಿಡು. ಆ ಗುಳಿಗೀನೂ ಬಿಡು. ಒಳಗ ರಗತ ಸೋರಾಕತ್ತೈತಿ. ಚಹಾ ಕುಡದು ಹೋಗ್ತೀನಿ ಅನ್ನಬ್ಯಾಡ, ಈಗಲೇ ದೊಡ್ಡಾಸ್ಪತ್ರಿಗೆ ನಡಿ. ಈ ಹುಣ್ಣು ನಮ್ಮ ಪುಡಿಗೆ ಬಗ್ಗೂದಲ್ಲ."

ಬಾಷಾಬಿಯನ್ನು ಆಟೋದಲ್ಲಿ ಕೂಡಿಸಿದೆ ಎಂದು ಅಮೀನಸಾಬ ಹೇಳುವ ತನಕ ಅವಳು ಫೋನು ಇಡಲಿಲ್ಲ.

ಆಮೇಲೆ ಬೈಗುಳ ಬರುತ್ತದೆಂದು ದುರಗಮ್ಮ ಕಾದು ನಿಂತಳು. ಬಂದರೆ ಉತ್ತರ ಕೊಡಲು ಹನ್ನೊಂದು ವರ್ಷದ ಮಾತುಗಳನ್ನು ಅವಳು ಕೂಡಿಟ್ಟಿದ್ದಳು. ಶರಣಬಸಮ್ಮ ಮಣೆ ಸರಿಸಿ ಕೂಡಲು ಹೇಳಿದಳು.

"ಹಂಗ ಕರ್ರಗ ಆದವ್ರನ್ನ, ಗುಳಿಗಿ ನುಂಗೂ ಮಂದೀನ ನಾವು ಮುಟ್ಟಂಗಿಲ್ಲ ಯಕ್ಕಾ. ಅತ್ತಿ ಮೊದಲ ಕಲಿಸಿದ್ದು ಅದು. ಯಾರಿಗೆ ಕೊಡಬೇಕು ಅನ್ನೂದು ಆಮ್ಯಾಲ, ಯಾರಿಗೆ ಕೊಡಬಾರದು ಅನ್ನೂದು ಮೊದಲ."

ದುರಗಮ್ಮನಿಗೆ ಗಂಗಾವತಿಯ ಹೆಂಗಸು ನೆನಪಾದಳು, ಬರಿಗೈಯಲ್ಲಿ ಹೋದವಳು.

"ಪಥ್ಯ ಹಿಡದೀಯೇನ?" ಎಂದು ಶರಣಬಸಮ್ಮ ಕೇಳಿದಳು.

"ಆಕಿಗೆ ಹೇಳೇನಿ."

"ಆಕೀದಲ್ಲ. ನಿಂದು."

"ನಾ ಯಾಕ ಹಿಡೀಲಿ? ನನಗೇನಾಗೈತಿ?"

ಶರಣಬಸಮ್ಮ ಬಾಳೆಕಾಯಿ ಕೆಳಗಿಟ್ಟಳು.

"ಈ ಮದ್ದಿಗೆ ಒಂದು ನೇಮ ಐತಿ ಯಕ್ಕಾ. ಕೊಟ್ಟಾಕೀನೂ ಹಿಡೀಬೇಕು. ಆಕಿ ಖಾರ ಬಿಟ್ಟಷ್ಟ ದಿನ ನಾವೂ ಬಿಡಬೇಕು. ಆಕಿ ಮೆಣಸಿನಕಾಯಿ ತಂದ ದಿನ ಅರ್ಧ ಆಕೀದು, ಅರ್ಧ ನಮ್ದು. ಇಬ್ಬರದೂ ಪಥ್ಯ ಮುಗೀತು ಅಂತ. ಆದ್ರ ಒಬ್ಬಾಕೀದು ಮುಗಿಯೂದ್ರಾಗ ಇನ್ನ ಹತ್ತ ಮಂದೀದು ಸುರು ಆಗಿರತೈತಿ. ನಮ್ಮರ್ಧ ತಿನ್ನೂ ದಿನಾನ ಬರಂಗಿಲ್ಲ. ಅದಕ್ಕ ದಾರಕ್ಕ ಹಾಕಿ ಇಡೂದು."

ದುರಗಮ್ಮ ತಲೆಯೆತ್ತಿ ದೇವರ ಮನೆಯ ಬಾಗಿಲು ನೋಡಿದಳು. ಸರ ಹೊಸ್ತಿಲ ತನಕ ಇಳಿದಿತ್ತು. ಮೇಲಿನವು ಕಪ್ಪಾಗಿ ಮುರುಟಿದ್ದವು, ಮುದಕಮ್ಮನ ಪಾಲು. ಕೆಳಗಿನವು ಇನ್ನೂ ಕೆಂಪಗಿದ್ದವು.

"ಹೇಳಬಾರದಿತ್ತೇನ?"

"ಹೇಳಿದ್ರ ಮಂದಿ ಅದನ್ನ ಉಪಕಾರ ಅಂತ ಹೊರತಾರ. ಯಾರಿಗೂ ಹೇಳಬ್ಯಾಡ, ಖಾರ ಆಗಂಗಿಲ್ಲ ಅಂದು ಸುಮ್ಮನಿರು ಅಂದಿದ್ಳು ಅತ್ತಿ." ಹೆರೆದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಂದಳು: "ನೀ ಯುಗಾದಿಗೆ ರಂಜಕ ಬಡಿಸಿದಾಗ ನನ್ನ ಪಥ್ಯಕ್ಕ ಇನ್ನೂ ನೂರು ದಿನ ಆಗಿರಲಿಲ್ಲ. ಬೆರಳ ನೆಕ್ಕೇನ ಅನ್ನೂ ಭಯಕ್ಕ ಕೈ ತೊಳಕೊಂಡು ಎದ್ದ ಹೋದೆ. ಈಗೂ ನೀ ಮೆಣಸಿನಕಾಯಿ ಹುರದ್ರ ನಾ ಬಾಗಿಲ ಹಾಕ್ಕೊಂಡು ಒಳಗ ಕೂಡತೀನಿ. ಎಷ್ಟ ಸಲ ನಿನ್ನ ಮ್ಯಾಲ ಸಿಟ್ಟ ಬಂದೈತಿ ಗೊತ್ತೇನ? ಈಕೀ ಒಬ್ಬಾಕಿಗೆ ಈ ಭಾಗ್ಯ ಐತಲ್ಲಾ ಅಂತ."

"ನನ್ನ ಮ್ಯಾಲ?" ಎಂದಳು ದುರಗಮ್ಮ. ತನ್ನನ್ನು ನೋಡಿ ಒಬ್ಬರು ಕರುಬಬಹುದೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ತಡೆದು ತಡೆದು, ಇಷ್ಟು ವರ್ಷ ನುಂಗಿದ್ದ ಪ್ರಶ್ನೆ ಕೇಳಿದಳು. "ಮತ್ತ ಕುಟ್ಟಾಣಿ ನಿನಗ ಯಾಕ ಕೊಟ್ಳು? ಬಾಳಿಕಾಯಿಗೆ ಅಲ್ಲೇನ?"

"ಬಾಳಿಕಾಯಿ ಸಂತ್ಯಾಗ ಸಿಗ್ತಾವ ಯಕ್ಕಾ. ನಾನೂ ಅದಾ ಕೇಳಿದೆ. ದುರಗಕ್ಕಗ ಕೊಡು, ದುಡದಾಕಿ ಆಕಿ ಅಂದೆ. ಅತ್ತಿ ಏನಂದ್ಳು ಗೊತ್ತೇನ? 'ಬ್ಯಾಡ. ತಾಯಿಲ್ಲದ ಹುಡುಗಿ, ಬಂದಾಗಿನಿಂದ ಆಕಿಗೆ ಇರೂದು ಅದೊಂದ ಊಟದ ಸುಖ. ಆಕಿ ಉಣ್ಣೂದ ನೋಡಿ ನಾ ಮೂವತ್ತ ವರ್ಷದ ಪಥ್ಯ ಕಳದೀನಿ. ಆಕಿ ರೊಟ್ಟಿ ಮ್ಯಾಲಿಂದ ಖಾರ ನಾ ಕಸಗೊಳ್ಳಂಗಿಲ್ಲ' ಅಂದ್ಳು. ನಾ ಅಳಕೋತ ಹೊರಗ ಬಂದೆ. ನನ್ನ ಖಾರದ ಮ್ಯಾಲ ಯಾರಿಗೂ ಮರುಕ ಬರಲಿಲ್ಲ."

ಎದುರಿಗೆ ಕೂತು ತಾಟು ನೋಡುತ್ತಿದ್ದ ಮುದುಕಿ ದುರಗಮ್ಮನ ಕಣ್ಣಿಗೆ ಕಟ್ಟಿದಳು. ತುತ್ತು ಎಣಿಸಲು ಕೂತದ್ದಲ್ಲ ಅದು. ಅವಳು ಶರಣಬಸಮ್ಮನ ಮುಂದಿದ್ದ ಈಳಿಗೆ ತನ್ನ ಕಡೆ ಎಳೆದುಕೊಂಡು ಉಳಿದ ಬಾಳೆಕಾಯಿ ಹೆರೆಯತೊಡಗಿದಳು.

ಆಸ್ಪತ್ರೆಯಲ್ಲಿ ಬಾಷಾಬಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಬಾಯಿಂದ ನಳಿಗೆ ಇಳಿಸಿ ಹುಣ್ಣು ನೋಡಿದರು, ಸೊಂಟದ ಗುಳಿಗೆ ಬಿಡಿಸಿದರು, ಎರಡು ತಿಂಗಳ ಮಾತ್ರೆ ಬರೆದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಆ ಸುದ್ದಿ ಕೇಳಿದ ದಿನ ದುರಗಮ್ಮ ಗಾಜಿನ ಭರಣಿಯ ಪುಡಿಯನ್ನು ಗೊಬ್ಬರದ ಗುಂಡಿಗೆ ಸುರಿದಳು. ರಂಜಕದ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಬಾಷಾಬಿ ಮಾತ್ರೆ ನುಂಗುವಷ್ಟು ದಿನ, ಕೊಟ್ಟವಳ ಪಥ್ಯ.

ಮೊದಲ ವಾರವೇ ಮೂರು ರೊಟ್ಟಿಯವಳು ಒಂದಕ್ಕೆ ಇಳಿದಳು.

"ಏನ, ಮೈಯಾಗ ನೆಟ್ಟಗಿಲ್ಲೇನ?" ಎಂದ ಪಕ್ಕೀರಪ್ಪ.

"ನನಗ ಖಾರ ಆಗಂಗಿಲ್ಲ."

ಪಕ್ಕೀರಪ್ಪ ಅವಳ ಹಣೆ ಮುಟ್ಟಿ ನೋಡಿದ. ಮುಟ್ಟಿ, ತನ್ನ ರಂಜಕದ ತಾಟು ತೆಗೆದುಕೊಂಡು ಕಟ್ಟೆಗೆ ಹೋಗಿ ಕೂತ. ದುರಗಮ್ಮ ಬಾಗಿಲಲ್ಲಿ ನಿಂತು ಅವನು ಉಣ್ಣುವುದನ್ನು ನೋಡಿದಳು. ಅವನ ಒಂದೊಂದು ತುತ್ತೂ ಅವಳ ಗಂಟಲಲ್ಲಿ ಇಳಿಯಿತು.

ಚಪ್ಪಲಿ ಎಣಿಸುವುದನ್ನು ಮಾತ್ರ ಬಿಡಲಿಲ್ಲ. ಹನ್ನೆರಡು ಜೋಡಿ ಕಂಡರೆ, ಹನ್ನೆರಡು ಅರ್ಧ ಮೆಣಸಿನಕಾಯಿ ಎಂದು ಲೆಕ್ಕ ಹಾಕಿ ನೆಗೆಣ್ಣಿಗಾಗಿ ಮರುಗುತ್ತಿದ್ದಳು. ಮರುಗಿದ ಮೇಲೆಯೂ, ಯಾರೋ ಒಬ್ಬಳು ಶರಣಬಸಮ್ಮನ ಕಾಲು ಮುಟ್ಟಿ ಹೊರಟರೆ ಎದೆಯೊಳಗೆ ಹಳೆಯದು ಚುರ್ ಎನ್ನುತ್ತಿತ್ತು. ಅದು ಪೂರ್ತಿ ಹೋಯಿತೆಂದರೆ ಸುಳ್ಳಾದೀತು.

ಎರಡು ತಿಂಗಳು ಕಳೆದು ಒಂದು ರವಿವಾರ, ಆಚೆಯ ಬಾಗಿಲಲ್ಲಿ ಒಂಬತ್ತು ಜೋಡಿ ಇರುವಾಗ, ಈಚೆಯ ಹೊಸ್ತಿಲಲ್ಲಿ ಒಂದು ಜೋಡಿ ಬಂದು ನಿಂತಿತು. ಹೊಸ ಚಪ್ಪಲಿ. ಬಾಷಾಬಿಯ ಮುಖಕ್ಕೆ ಬಣ್ಣ ಬಂದಿತ್ತು. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಒಣಮೆಣಸಿನಕಾಯಿ ತೆಗೆದಳು.

"ನಿನ್ನ ಪುಡಿಯಿಂದ ನೆಟ್ಟಗಾದದ್ದಲ್ಲ ಅಂತ ಗೊತ್ತೈತಿ ಯಕ್ಕಾ. ಆದ್ರ ದಿನಾ ಮುಂಜಾನೆ ಫೋನ ಮಾಡಿ, ಬಣ್ಣ ಯಾವುದು ಅಂತ ಕೇಳಾಕಿ ನೀ ಒಬ್ಬಾಕಿನ ಇದ್ದಿ. ನಮ್ಮ ಸಾಬ ನಗತಿದ್ದ. ನನ್ನ ಕಡೇನ ಬಾ ಅಂದಿದ್ದಿಯಲ್ಲಾ, ಬಂದೆ."

"ಇವತ್ತ ಯಾವ ಬಣ್ಣ?"

"ಛಲೋ ಐತಿ ಮಾರಾಯ್ತಿ."

"ಡಾಕ್ಟ್ರು ಖಾರಕ್ಕ ಹೂಂ ಅಂದಾರೇನ?"

"ಸ್ವಲ್ಪ ಸ್ವಲ್ಪ ತಿನ್ನು ಅಂದಾರ."

ದುರಗಮ್ಮ ಮೆಣಸಿನಕಾಯಿ ಮುರಿದಳು. ಬೀಜ ಉದುರಿಸಿ, ಅರ್ಧದಲ್ಲೂ ಒಂದು ಚೂರನ್ನೇ ಬಾಷಾಬಿಯ ಬಾಯಿಗೆ ಹಾಕಿ, ಮುಖ ನೋಡುತ್ತ ಕೂತಳು. ಬಾಷಾಬಿ ಅಗಿದಳು, ಮೂಗು ಏರಿಸಿದಳು, ನಕ್ಕಳು. ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಬಸ್ಸಿಗೆ ಹೋದಳು.

ಉಳಿದರ್ಧ ದುರಗಮ್ಮನ ಅಂಗೈಯಲ್ಲಿತ್ತು. ಅವಳಿಗೆ ಬೇರೆ ರೋಗಿಗಳಿರಲಿಲ್ಲ. ಪೋಣಿಸಬೇಕಾದ ದಾರವೂ ಇರಲಿಲ್ಲ. ಒಳಗೆ ಹೋಗಿ ಅರ್ಧ ರೊಟ್ಟಿ, ನಾಲ್ಕು ಹರಳು ಉಪ್ಪು ತಂದು ಕಟ್ಟೆಯ ಮೇಲೆ ಕೂತಳು. ಮೆಣಸಿನಕಾಯಿಯ ವಾಸನೆಗೇ ಬಾಯಲ್ಲಿ ನೀರೂರಿತು.

ಆಗ ಆಚೆ ನೋಡಿದಳು. ಮಂದಿಯೆಲ್ಲ ಹೋಗಿದ್ದರು. ಶರಣಬಸಮ್ಮ ಬಾಗಿಲ ಬಳಿ ನಿಂತಿದ್ದಳು. ಬಾಗಿಲು ಹಾಕಿಕೊಂಡಿರಲಿಲ್ಲ. ಅವಳ ಕಣ್ಣು ದುರಗಮ್ಮನ ಕೈಯ ಮೇಲಿತ್ತು. ಆ ನೋಟವನ್ನು ದುರಗಮ್ಮ ಬಲ್ಲಳು. ತನ್ನ ಊಟದ ಎದುರಿಗೆ ಅದು ಎಷ್ಟೋ ವರ್ಷ ಕೂತಿತ್ತು.

ದುರಗಮ್ಮ ತಾಟು ಎತ್ತಿಕೊಂಡು ಗೋಡೆಯ ತನಕ ನಡೆದು, ಗೋಡೆಯ ಮೇಲೆಯೇ, ಆಚೆ ಮುಖ ಮಾಡಿ ಕೂತಳು. ಶರಣಬಸಮ್ಮ ಬಂದು ಎದುರಿಗೆ ನೆಲದ ಮೇಲೆ ಕಾಲು ಮಡಿಚಿಕೊಂಡಳು.

"ಎಲ್ಲಿ ಬೆಳದದ್ದು ಅದು?"

"ಬ್ಯಾಡಗಿ ಇದ್ದಂಗೈತಿ. ಬಣ್ಣ ನೋಡು."

"ಖಾರ ಇರಂಗಿಲ್ಲ ಬಿಡು."

"ತಿಂದ ಹೇಳತೀನಿ ತಾಳು."

"ನಿಧಾನ ತಿನ್ನ ಯಕ್ಕಾ," ಎಂದಳು ಶರಣಬಸಮ್ಮ.

ದುರಗಮ್ಮ ರೊಟ್ಟಿಯ ತುಣುಕಿಗೆ ಮೆಣಸಿನಕಾಯಿಯ ಒಂದು ಚೂರು ಇಟ್ಟು, ಉಪ್ಪು ಹಚ್ಚಿ, ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಎದುರಿಗೆ ಶರಣಬಸಮ್ಮನ ಗಂಟಲು ಅಲುಗಿತು. ಇನ್ನೂ ಮೂರು ಚೂರು ಉಳಿದಿದ್ದವು. ದುರಗಮ್ಮ ಅವಸರ ಮಾಡಲಿಲ್ಲ.